ನಿಮಗಿದು ಗೊತ್ತೇ? – ಸಣ್ಣ ಊರಿನ ಕೊಳಚೆ, ಸಣ್ಣ ಖರ್ಚಿನ ದಾರಿ

◆ ಮನೆಯಿಂದ ಹೊರಬೀಳುವ ಕೊಳಚೆಯಲ್ಲಿ ನೂರಕ್ಕೆ 99.9 ಪಾಲು ಬರೀ ನೀರು. ನಾವು ಮೂಗು ಮುಚ್ಚಿಕೊಳ್ಳುವುದು ಉಳಿದ 0.1 ಪಾಲಿಗೆ. ತಾರಸಿಯ ಮೇಲಿರುವ ಸಾವಿರ ಲೀಟರಿನ ಟ್ಯಾಂಕಿನಷ್ಟು ಕೊಳಚೆ ತೆಗೆದುಕೊಂಡರೆ, ಕರಗಿದ್ದು, ತೇಲುವುದು, ತಳಕ್ಕಿಳಿಯುವುದು ಎಲ್ಲ ಸೇರಿ ಸುಮಾರು ಒಂದು ಕೆ.ಜಿ. ಆ ಒಂದು ಕೆ.ಜಿ.ಯನ್ನು ನೀರಿನಿಂದ ಬಿಡಿಸಿ ತೆಗೆಯುವುದೇ ಇಡೀ ಕೆಲಸ.

◆ ಜಲಜೀವನ್ ಮಿಷನ್ ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ಕೊಡಬೇಕೆನ್ನುತ್ತದೆ. ಬಂದ ನೀರಿನಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಹೋಗುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಸಾವಿರ ಜನರ ಹಳ್ಳಿಗೆ 55,000 ಲೀಟರ್ ಒಳಬಂದರೆ 44,000 ಲೀಟರ್ ಹೊರಗೆ. ಅದೂ ದಿನಾಲೂ. ನಲ್ಲಿ ಬಂದ ದಿನವೇ ಮೋರಿಯ ಪ್ರಶ್ನೆಯೂ ಊರೊಳಗೆ ಬಂದಿರುತ್ತದೆ. ಗ್ರಾಮಸಭೆಯಲ್ಲಿ ಅದನ್ನು ಎತ್ತುವವರು ಇನ್ನೂ ಕಡಿಮೆ.

◆ ಒಳಚರಂಡಿ ಯೋಜನೆಯಲ್ಲಿ ಹೆಚ್ಚು ದುಡ್ಡು ನುಂಗುವುದು ಕೊನೆಯಲ್ಲಿರುವ ಶುದ್ಧೀಕರಣ ಘಟಕ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಸಾಮಾನ್ಯವಾಗಿ ದೊಡ್ಡ ಪಾಲು ಹೋಗುವುದು ಅಗೆತಕ್ಕೆ, ಪೈಪಿಗೆ ಮತ್ತು ಮ್ಯಾನ್‌ಹೋಲ್‌ಗೆ. ಕೊಳಚೆ ತಾನಾಗಿ ಹರಿಯಬೇಕಾದರೆ ಪೈಪಿಗೆ ಇಳಿಜಾರು ಬೇಕು. ಮುಂದೆ ಹೋದಷ್ಟೂ ಪೈಪು ನೆಲದೊಳಗೆ ಇಳಿಯುತ್ತ ಹೋಗುತ್ತದೆ. ನಮ್ಮ ಬಯಲುಸೀಮೆಯಲ್ಲಿ ನಾಲ್ಕು ಅಡಿ ಅಗೆದರೆ ಬಂಡೆ ಸಿಗುವ ಊರುಗಳೆಷ್ಟಿಲ್ಲ! ಮೇಲಾಗಿ ಸಣ್ಣ ಊರಲ್ಲಿ ಮನೆಗಳು ಚೆದುರಿಕೊಂಡಿರುತ್ತವೆ. ಒಂದೊಂದು ಮನೆಯ ಪಾಲಿಗೆ ಬೀಳುವ ಪೈಪಿನ ಉದ್ದ ನಗರದ್ದಕ್ಕಿಂತ ಹೆಚ್ಚು. ನಗರದ ಒಳಚರಂಡಿಯನ್ನೇ ಚಿಕ್ಕದು ಮಾಡಿ ಹಳ್ಳಿಗೆ ತಂದರೆ ಖರ್ಚು ಚಿಕ್ಕದಾಗದಿರುವುದು ಇದಕ್ಕೇ.

◆ ಒಳಚರಂಡಿಗೂ ಬಾಯಾರಿಕೆ ಇದೆ. ಪೈಪಿನೊಳಗೆ ಮಲ, ಮರಳು ತಳಕ್ಕೆ ಕೂರದಂತೆ ಸಾಗಬೇಕಾದರೆ ನೀರು ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗದಲ್ಲಾದರೂ ಹರಿಯಬೇಕು. ಬೇಸಿಗೆಯಲ್ಲಿ ವಾರಕ್ಕೆರಡು ಸಲ ನೀರು ಬಿಡುವ ಪಟ್ಟಣದಲ್ಲಿ ಆ ವೇಗ ಎಲ್ಲಿಂದ ಬರಬೇಕು? ಪೈಪು ಕಟ್ಟಿಕೊಂಡಾಗ ಗುತ್ತಿಗೆದಾರನನ್ನು ಬೈಯುತ್ತೇವೆ. ಎಷ್ಟೋ ಸಲ ಕಾರಣ ನಲ್ಲಿಯಲ್ಲೇ ಇರುತ್ತದೆ.

◆ ಅಗ್ಗದ ಒಳಚರಂಡಿಯ ಒಂದು ದೊಡ್ಡ ಉಪಾಯ ಹುಟ್ಟಿದ್ದು ಬ್ರೆಜಿಲ್‌ನಲ್ಲಿ. 1980ರ ದಶಕದ ಆರಂಭದಲ್ಲಿ, ನಟಾಲ್ ನಗರದ ಬಡ ಬಡಾವಣೆಗಳಲ್ಲಿ. ಜೋಸೆ ಕಾರ್ಲೋಸ್ ದ ಮೆಲೊ ಎಂಬ ಎಂಜಿನಿಯರ್ ಒಂದು ಸರಳ ಪ್ರಶ್ನೆ ಹಾಕಿದರು: ಪ್ರತಿಯೊಂದು ಮನೆಗೂ ರಸ್ತೆಯ ದೊಡ್ಡ ಪೈಪಿಗೆ ಬೇರೆ ಬೇರೆ ಸಂಪರ್ಕ ಏಕೆ ಬೇಕು? ಒಂದು ಇಡೀ ಬ್ಲಾಕನ್ನೇ ಒಂದು ಮನೆಯೆಂದು ಲೆಕ್ಕ ಹಾಕಿದರೆ? ಸುಮಾರು ನಾಲ್ಕು ಇಂಚಿನ ಸಣ್ಣ ಪೈಪು ಮನೆಗಳ ಹಿತ್ತಲಲ್ಲೋ ಮುಂದಿನ ಕಾಲುದಾರಿಯ ಕೆಳಗೋ ಹಾದು, ಬ್ಲಾಕಿಗೆಲ್ಲ ಸೇರಿ ಒಂದೇ ಕಡೆ ದೊಡ್ಡ ಪೈಪಿಗೆ ಕೂಡುತ್ತದೆ. ಲಾರಿ ಓಡಾಡದ ಜಾಗವಾದ್ದರಿಂದ ಒಂದೂವರೆ ಅಡಿ ಆಳ ಸಾಕು. ಆಳುದ್ದದ ಮ್ಯಾನ್‌ಹೋಲ್‌ನ ಬದಲು ಮೇಲೆ ನಿಂತೇ ಕೈ ಇಳಿಸಿ ನೋಡಬಹುದಾದ ಸಣ್ಣ ಪೆಟ್ಟಿಗೆಗಳು. ಖರ್ಚಿನಲ್ಲಿ ನೂರಕ್ಕೆ 20ರಿಂದ 50ರವರೆಗೆ ಉಳಿತಾಯ.

ಇದು ಬಡವರ ಕೇರಿಗಷ್ಟೇ ಉಳಿಯಲಿಲ್ಲ. 1990ರ ದಶಕದಲ್ಲಿ ರಾಜಧಾನಿ ಬ್ರೆಸಿಲಿಯಾದ ಸ್ಥಿತಿವಂತರ ಬಡಾವಣೆಗಳಿಗೂ ಇದೇ ಪದ್ಧತಿ ಬಂತು. ನನಗೆ ಬಹಳ ಹಿಡಿಸಿದ ಸಂಗತಿ ಅದು. ಅಗ್ಗದ್ದು ಎಂದರೆ ಬಡವರಿಗೆ ಮಾತ್ರ ಎಂಬ ಭಾವನೆ ಇದ್ದಷ್ಟು ದಿನ ಅಗ್ಗದ್ದನ್ನು ಬಡವರೂ ಬೇಡವೆನ್ನುತ್ತಾರೆ.

◆ ಅದೇ ದೇಶದ ಸಾಲ್ವಡಾರ್ ನಗರದಲ್ಲಿ ಒಳಚರಂಡಿ ಸಂಪರ್ಕವಿದ್ದ ಮನೆಗಳು ನೂರಕ್ಕೆ 26ರಿಂದ 80ಕ್ಕೆ ಏರಿದಾಗ, ಪುಟ್ಟ ಮಕ್ಕಳ ವಾಂತಿಭೇದಿ ಸುಮಾರು ಐದನೇ ಒಂದು ಪಾಲು ಇಳಿಯಿತು. 2007ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ಆ ಅಧ್ಯಯನವನ್ನು ಪ್ರಕಟಿಸಿತು.

◆ ಕರಾಚಿಯ ಬಡ ಬಡಾವಣೆ ಒರಂಗಿ. 1980ರಲ್ಲಿ ಇಲ್ಲಿ ಕೆಲಸ ಶುರು ಮಾಡಿದ ಅಖ್ತರ್ ಹಮೀದ್ ಖಾನ್ ಆಗ್ರಾದಲ್ಲಿ ಹುಟ್ಟಿದವರು, ಐಸಿಎಸ್ ಹುದ್ದೆಗೆ ರಾಜೀನಾಮೆ ಕೊಟ್ಟವರು. ಸರ್ಕಾರ ಒಳಚರಂಡಿ ಹಾಕಿಸುತ್ತದೆ ಎಂದು ಜನ ಕಾಯುತ್ತಿದ್ದರು. ಸರ್ಕಾರದ ಅಂದಾಜು ಪಟ್ಟಿಯೋ ಜನರ ಕೈಗೆ ಎಟುಕುವಂತಿರಲಿಲ್ಲ. ಖಾನ್ ಓಣಿಯನ್ನು ಘಟಕ ಮಾಡಿಕೊಂಡರು. ಇಪ್ಪತ್ತೋ ಮೂವತ್ತೋ ಮನೆಗಳ ಒಂದು ಓಣಿ ತನ್ನೊಳಗೇ ಒಬ್ಬ ಮುಖಂಡನನ್ನು ಆರಿಸುವುದು, ದುಡ್ಡು ಅದೇ ಓಣಿಯವರು ಕೂಡಿಸುವುದು, ಅಗೆತವೂ ಅವರದೇ. ಖಾನರ ಸಂಸ್ಥೆ ಕೊಡುತ್ತಿದ್ದದ್ದು ಮಟ್ಟ ನೋಡುವ ಉಪಕರಣ, ನಕ್ಷೆ, ಅಂದಾಜು ಮತ್ತು ತಿಳಿವಳಿಕೆ. ಮನೆಯ ಶೌಚಾಲಯ, ಓಣಿಯ ಪೈಪು, ಬಡಾವಣೆಯ ಪೈಪು ಇವಿಷ್ಟು ಜನರ ಪಾಲು. ದೊಡ್ಡ ಕಾಲುವೆ ಮತ್ತು ಶುದ್ಧೀಕರಣ ಸರ್ಕಾರದ ಪಾಲು. ಮಧ್ಯವರ್ತಿಯ ಲಾಭ, ಅನಗತ್ಯ ಆಳ, ಅನಗತ್ಯ ದಪ್ಪ ತೆಗೆದುಹಾಕಿದಾಗ ಸರ್ಕಾರಿ ದರಕ್ಕಿಂತ ಹಲವು ಪಟ್ಟು ಅಗ್ಗಕ್ಕೆ ಕೆಲಸ ಮುಗಿಯಿತು. ಮನೆಯೊಂದಕ್ಕೆ ಆಗ ಬಿದ್ದದ್ದು ಅಲ್ಲಿಯ ಸುಮಾರು ಸಾವಿರ ರೂಪಾಯಿ.

ಖಾನ್ ನಂತರ ಆ ಕೆಲಸದ ಹೊಣೆ ಹೊತ್ತವರು ವಾಸ್ತುಶಿಲ್ಪಿ ಪರ್ವೀನ್ ರೆಹಮಾನ್. ಊರಿನ ಸಹಜ ಹಳ್ಳಗಳನ್ನೂ ಓಣಿಗಳನ್ನೂ ಒಂದೊಂದಾಗಿ ನಕ್ಷೆಗೆ ಇಳಿಸಿದರು. ಯಾವ ಜಾಗ ಯಾರದ್ದು ಎಂದು ಆ ನಕ್ಷೆ ಹೇಳುತ್ತಿತ್ತು. 2013ರ ಮಾರ್ಚ್ 13ರಂದು, ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಅವರನ್ನು ದಾರಿಯಲ್ಲೇ ಗುಂಡಿಟ್ಟು ಕೊಂದರು. ಚರಂಡಿಯ ನಕ್ಷೆ ಬರೆಯುವುದಕ್ಕೂ ಪ್ರಾಣ ತೆರಬೇಕಾಗುತ್ತದೆ ಎಂಬುದನ್ನು ಬರೆಯುವಾಗ ಕೈ ನಿಲ್ಲುತ್ತದೆ.

◆ ಆಸ್ಟ್ರೇಲಿಯಾದ ಸಣ್ಣ ಊರುಗಳು 1960ರ ದಶಕದಿಂದಲೇ ಇನ್ನೊಂದು ದಾರಿ ಹಿಡಿದಿವೆ. ಗಟ್ಟಿ ಪದಾರ್ಥವೆಲ್ಲ ಮನೆಯ ಸೆಪ್ಟಿಕ್ ಟ್ಯಾಂಕಿನಲ್ಲೇ ಉಳಿಯುತ್ತದೆ, ತಿಳಿ ಮಾತ್ರ ಪೈಪಿಗೆ ಇಳಿಯುತ್ತದೆ. ಕಟ್ಟಿಕೊಳ್ಳುವ ವಸ್ತುವೇ ಇಲ್ಲದ ಮೇಲೆ ಪೈಪು ಸಣ್ಣದಾದರೂ ನಡೆಯುತ್ತದೆ, ಇಳಿಜಾರು ಕಡಿಮೆಯಾದರೂ ನಡೆಯುತ್ತದೆ. ಮನೆಮನೆಯಲ್ಲಿ ಈಗಾಗಲೇ ಟ್ಯಾಂಕ್ ಇರುವ ನಮ್ಮ ಪಟ್ಟಣಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಆದರೆ ಟ್ಯಾಂಕ್ ತುಂಬಿ ಗಸಿ ಪೈಪಿಗೆ ನುಗ್ಗಿದರೆ ಮುಗಿಯಿತು. ತಪ್ಪದೆ ಖಾಲಿ ಮಾಡಿಸುವ ಶಿಸ್ತಿದ್ದರೆ ಮಾತ್ರ ಈ ದಾರಿ.

◆ ಸೆಪ್ಟಿಕ್ ಟ್ಯಾಂಕಿನ ಮೂಲಪುರುಷ ಫ್ರಾನ್ಸಿನ ಜಾನ್ ಲೂಯಿ ಮೂರಾ. 1860ರ ಸುಮಾರಿಗೆ ಕಟ್ಟಿದ ತನ್ನ ತೊಟ್ಟಿಯನ್ನು ವರ್ಷಗಳ ನಂತರ ತೆರೆದು ನೋಡಿದಾಗ ತಳದಲ್ಲಿ ನಿರೀಕ್ಷಿಸಿದಷ್ಟು ಗಸಿ ಇರಲೇ ಇಲ್ಲ. 1881ರಲ್ಲಿ ಪೇಟೆಂಟ್ ಪಡೆದ. 'ಸೆಪ್ಟಿಕ್ ಟ್ಯಾಂಕ್' ಎಂಬ ಹೆಸರು ಬಂದದ್ದು ಆಮೇಲೆ, ಇಂಗ್ಲೆಂಡಿನ ಎಕ್ಸೆಟರ್‌ನ ಡೊನಾಲ್ಡ್ ಕ್ಯಾಮರಾನ್‌ನಿಂದ.

◆ 'ನಮ್ಮ ಟ್ಯಾಂಕು ಹದಿನೈದು ವರ್ಷದಿಂದ ತುಂಬಿಯೇ ಇಲ್ಲ' ಎಂದು ಹೆಮ್ಮೆಯಿಂದ ಹೇಳುವವರನ್ನು ನಾನು ಪ್ರತಿ ಊರಲ್ಲೂ ಕಂಡಿದ್ದೇನೆ. ಆ ಮಾತಿಗೆ ಹೆದರಬೇಕು. ಸರಿಯಾಗಿ ಕಟ್ಟಿದ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಲೇಬೇಕು. ಹದಿನೈದು ವರ್ಷ ತುಂಬದೇ ಇದೆಯೆಂದರೆ ಬಹುಶಃ ಅದು ಟ್ಯಾಂಕೇ ಅಲ್ಲ: ತಳಕ್ಕೆ ಸಿಮೆಂಟ್ ಕಾಣದ ರಿಂಗ್ ಗುಂಡಿ. ಇಲ್ಲವೇ ಗಸಿ ತುಂಬಿಹೋಗಿ, ಬಂದದ್ದೆಲ್ಲ ನೇರ ಮೋರಿಗೆ ದಾಟುತ್ತಿದೆ. ಒಳ್ಳೆಯ ಸೆಪ್ಟಿಕ್ ಟ್ಯಾಂಕ್ ಕೂಡ ಕೊಳಚೆಯ ಹೊರೆಯಲ್ಲಿ ತೆಗೆಯುವುದು ಅರ್ಧಕ್ಕಿಂತ ಕಡಿಮೆ. ಅದರ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ರೋಗಾಣುಗಳಿಂದ ತುಂಬಿರುತ್ತದೆ. ಆ ಪೈಪನ್ನು ರಸ್ತೆಯ ಮೋರಿಗೆ ಬಿಟ್ಟ ಮನೆ, ಊರಿಗೆಲ್ಲ ಕಾಯಿಲೆ ಹಂಚುತ್ತಿರುತ್ತದೆ. ಇಂಗುಗುಂಡಿ ಕಡ್ಡಾಯ. ಕರಾವಳಿಯ ಮುರಕಲ್ಲಿನಲ್ಲಿ ಮಾತ್ರ ಇಂಗುವ ನೀರು ಬಿರುಕು ಹಿಡಿದು ಬೇಗನೆ ದೂರ ಓಡುತ್ತದೆ. ಅಲ್ಲಿ ಬಾವಿಗೂ ಗುಂಡಿಗೂ ನಡುವೆ ಮಣ್ಣಿನ ಸೀಮೆಗಿಂತ ಹೆಚ್ಚು ಅಂತರ ಬೇಕು.

◆ ಜಂತುಹುಳುವಿನ ಹೆಣ್ಣೊಂದು ದಿನಕ್ಕೆ 2 ಲಕ್ಷದವರೆಗೆ ಮೊಟ್ಟೆ ಇಡುತ್ತದೆ. ಆ ಮೊಟ್ಟೆಗಳು ತೇವವಿರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ. ಕೊಳಚೆಯನ್ನು ದಿನಗಟ್ಟಲೆ ಅಲುಗಾಡಿಸದೆ ಹೊಂಡದಲ್ಲಿ ನಿಲ್ಲಿಸಿದರೆ ಅವು ತಮ್ಮ ಭಾರಕ್ಕೆ ತಾವೇ ತಳಕ್ಕಿಳಿಯುತ್ತವೆ. ಕರೆಂಟು ಬೇಡ, ಯಂತ್ರ ಬೇಡ. ಹೊಂಡದ ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಹೊರಬಿಡುತ್ತದೆ, ಬ್ಯಾಕ್ಟೀರಿಯಾ ಅದನ್ನು ಉಸಿರಾಡಿ ಹೊಲಸನ್ನು ತಿನ್ನುತ್ತವೆ. ಚಳಿ ದೇಶಗಳಿಗೆ ದುಡ್ಡು ಕೊಟ್ಟರೂ ಸಿಗದ ಬಿಸಿಲು ನಮ್ಮಲ್ಲಿ ವರ್ಷವಿಡೀ ಬಿಟ್ಟಿ. ಬೇಕಾದದ್ದು ಜಾಗ ಒಂದೇ.

◆ ಕೋಲ್ಕತ್ತದ ಪೂರ್ವಕ್ಕಿರುವ ಸುಮಾರು 12,500 ಹೆಕ್ಟೇರ್ ಜೌಗು ನಾಡಿನಲ್ಲಿ ಮೀನುಗಾರರು ನಗರದ ಕೊಳಚೆಯನ್ನು ಹೀಗೇ ಬಿಸಿಲಿಗೊಡ್ಡಿ, ಅದರಲ್ಲಿ ಮೀನು ಸಾಕುತ್ತ ಬಂದಿದ್ದಾರೆ. ನಗರದ ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ಹುಡುಕಿಕೊಂಡು ಹೊರಟ ಎಂಜಿನಿಯರ್ ಧ್ರುವಜ್ಯೋತಿ ಘೋಷ್ ಅದನ್ನು ಜಗತ್ತಿಗೆ ಕಾಣಿಸಿದರು. 2002ರಲ್ಲಿ ಅದು ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿ ಸೇರಿತು.

◆ ಪಂಜಾಬಿನ ಬಲಬೀರ್ ಸಿಂಗ್ ಸೀಚೆವಾಲ್ ಎಂಜಿನಿಯರ್ ಅಲ್ಲ, ಸಂತರು. 2000ದಿಂದ ಕಾಲಿ ಬೇಯಿ ನದಿಯನ್ನು ಕರಸೇವೆಯಿಂದ ಶುಚಿ ಮಾಡುತ್ತ ಬಂದರು. ಹಳ್ಳಿಗಳ ಕೊಳಚೆ ನದಿಗೆ ಬೀಳುವುದು ನಿಲ್ಲಬೇಕಲ್ಲ? ಅದಕ್ಕೆ ಕಂಡುಕೊಂಡದ್ದು: ಬಾವಿಯಂಥ ತೊಟ್ಟಿಗಳಲ್ಲಿ ಗಸಿ ಇಳಿಸಿ, ನೀರನ್ನು ಊರ ಹೊಂಡಕ್ಕೆ ಬಿಟ್ಟು, ಅಲ್ಲಿಂದ ಹೊಲಕ್ಕೆ ಹಾಯಿಸುವುದು. 2017ರಲ್ಲಿ ಪದ್ಮಶ್ರೀ ಬಂತು.

◆ ನಮ್ಮ ಹಳೆಯ ಮನೆಯ ಬಚ್ಚಲಿನ ಹಿಂದೆ ಬಾಳೆಯ ಹಿಂಡಿಲು ಇತ್ತು, ಅದರ ಬುಡದಲ್ಲಿ ಕೆಸು. ಬಚ್ಚಲ ನೀರು ಅಲ್ಲಿಗೇ. ಅಜ್ಜಿ ಯಾವ ಪುಸ್ತಕ ಓದಿ ನೆಟ್ಟದ್ದೂ ಅಲ್ಲ. ಅದೇ ಹೊತ್ತಿಗೆ, ಅಂದರೆ 1950ರ ದಶಕದಲ್ಲಿ, ಜರ್ಮನಿಯ ಕೇಟೆ ಸೈಡಲ್ ಎಂಬ ಸಸ್ಯವಿಜ್ಞಾನಿ ಜೊಂಡು ಜಾತಿಯ ಗಿಡಗಳು ಕೊಳೆನೀರನ್ನು ಹೇಗೆ ತಿಳಿಯಾಗಿಸುತ್ತವೆ ಎಂದು ಪ್ರಯೋಗ ಮಾಡುತ್ತಿದ್ದರು. ಇಂದು ಜಗತ್ತಿನಾದ್ಯಂತ ಇರುವ ಗಿಡ–ಜಲ್ಲಿ ಶೋಧಕಗಳಿಗೆ ಆ ಪ್ರಯೋಗಗಳೇ ಬುನಾದಿ. ಅಲ್ಲಿ ನಿಜಕ್ಕೂ ದುಡಿಯುವುದು ಗಿಡಕ್ಕಿಂತ ಹೆಚ್ಚಾಗಿ ಜಲ್ಲಿಕಲ್ಲಿಗೂ ಬೇರಿಗೂ ಅಂಟಿಕೊಂಡ ಸೂಕ್ಷ್ಮಜೀವಿಗಳು. ಸಾಬೂನಿನ ಬಚ್ಚಲು ನೀರಿಗೆ ಒಂದು ಮನೆಯ ಮಟ್ಟಿಗೆ ಬಾಳೆ, ಕೆಸು, ಕ್ಯಾನಾ ಧಾರಾಳ ಸಾಕು. ಶೌಚದ ನೀರನ್ನು ಮಾತ್ರ ಅದಕ್ಕೆ ಸೇರಿಸಬೇಡಿ.

◆ ದೊಡ್ಡ ನಗರಗಳ ಶುದ್ಧೀಕರಣ ಘಟಕಗಳಲ್ಲಿ ಗಾಳಿಯೂದಿ ಬ್ಯಾಕ್ಟೀರಿಯಾ ಬೆಳೆಸುವ ಪದ್ಧತಿ ಇದೆಯಲ್ಲ, ಅದು ಬೆಳಕಿಗೆ ಬಂದದ್ದು 1914ರಲ್ಲಿ, ಮ್ಯಾಂಚೆಸ್ಟರಿನಲ್ಲಿ. ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರಿಗೆ ಆ ಪ್ರಯೋಗದ ದಾರಿ ತೋರಿದವರು ಗಿಲ್ಬರ್ಟ್ ಫೌಲರ್. ಆ ಫೌಲರ್ ಎರಡೇ ವರ್ಷದಲ್ಲಿ, 1916ರಲ್ಲಿ, ಇಂದು ಭಾರತೀಯ ವಿಜ್ಞಾನ ಸಂಸ್ಥೆ ಎನಿಸಿರುವ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಪ್ರಾಧ್ಯಾಪಕರಾಗಿ ಬಂದರು. ಅಲ್ಲಿಯ ಜೀವರಸಾಯನ ವಿಭಾಗ ಶುರುವಾದದ್ದು ಅವರ ಕೈಯಲ್ಲೇ. ಅವರ ಪದ್ಧತಿ ಅದ್ಭುತವಾದದ್ದೇ. ಆದರೆ ಗಾಳಿ ಊದಲು ಹಗಲಿರುಳು ಕರೆಂಟು ಬೇಕು. ಗಂಟೆಗಟ್ಟಲೆ ಕರೆಂಟು ಹೋಗುವ ಪಟ್ಟಣದಲ್ಲಿ ಆ ಬ್ಯಾಕ್ಟೀರಿಯಾ ಉಸಿರುಗಟ್ಟುತ್ತವೆ.

◆ ಗಾಳಿಯೇ ಬೇಡದ, ಬದಲಿಗೆ ಗ್ಯಾಸ್ ಕೊಡುವ ಯುಎಎಸ್‌ಬಿ ತೊಟ್ಟಿಯನ್ನು 1970ರ ದಶಕದಲ್ಲಿ ರೂಪಿಸಿದವರು ನೆದರ್ಲೆಂಡ್ಸಿನ ಖಾಟ್ಸೆ ಲೆಟಿಂಗಾ. ಬಡ ದೇಶಗಳಿಗೂ ಸಿಗಲೆಂದು ಅದಕ್ಕೆ ಪೇಟೆಂಟನ್ನೇ ಮಾಡಿಸಲಿಲ್ಲ.

◆ 'ಬೆಂಗಳೂರು ಪದ್ಧತಿ' ಎಂದು ಜಗತ್ತಿನ ಪಠ್ಯಪುಸ್ತಕಗಳಲ್ಲಿ ಹೆಸರಾದದ್ದು ಒಂದು ಕಾಂಪೋಸ್ಟ್ ವಿಧಾನ. 1939ರಲ್ಲಿ ಅದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಿ.ಎನ್. ಆಚಾರ್ಯ ರೂಪಿಸಿದ್ದು. ಉದ್ದನೆಯ ಗುಂಡಿಯಲ್ಲಿ ಊರ ಕಸದ ಒಂದು ಪದರ, ಮಲದ ಒಂದು ತೆಳು ಪದರ, ಮತ್ತೆ ಕಸ. ಮೇಲೆ ಮಣ್ಣು ಮುಚ್ಚುವುದು. ಮೊದಲ ವಾರದಲ್ಲೇ ಒಳಗೆ 60 ಡಿಗ್ರಿಗೂ ಮೀರಿ ಬಿಸಿ ಏರುತ್ತದೆ. ಜಂತುವಿನ ಮೊಟ್ಟೆ ಆ ಬಿಸಿಗೆ ಉಳಿಯುವುದಿಲ್ಲ. ನಾಲ್ಕರಿಂದ ಆರು ತಿಂಗಳಿಗೆ ವಾಸನೆಯಿಲ್ಲದ ಗೊಬ್ಬರ.

ವಿಜ್ಞಾನ ಚೊಕ್ಕವಾಗಿತ್ತು. ಆದರೆ ಆ ಗುಂಡಿಯವರೆಗೆ ಮಲ ಬರುತ್ತಿದ್ದದ್ದು ಒಣ ಪಾಯಿಖಾನೆಗಳಿಂದ, ಮನುಷ್ಯರ ಕೈಯಿಂದ, ಮನುಷ್ಯರ ತಲೆಯ ಮೇಲೆ. ಈ ಸಾಲನ್ನು ಬಿಟ್ಟು 'ಬೆಂಗಳೂರು ಪದ್ಧತಿ'ಯ ಹೆಮ್ಮೆ ಹೇಳಿಕೊಳ್ಳಲು ನನಗೆ ಮನಸ್ಸಿಲ್ಲ.

◆ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪನವರು. ದೇಶಕ್ಕೆಲ್ಲ ಅನ್ವಯಿಸುವ ಈಗಿನ ಕಾಯ್ದೆ 2013ರದ್ದು.

◆ ಕೊಳೆತ ಮೊಟ್ಟೆಯ ವಾಸನೆ ಬರುವ ಹೈಡ್ರೋಜನ್ ಸಲ್ಫೈಡ್ ಅನಿಲದ ಒಂದು ಮೋಸ ಎಲ್ಲರೂ ತಿಳಿದಿರಬೇಕು. ಅದು ದಟ್ಟವಾದಾಗ ಮೂಗಿನ ಗ್ರಹಿಕೆಯನ್ನೇ ಕೊಲ್ಲುತ್ತದೆ. 'ವಾಸನೆ ಹೋಯಿತು, ಇನ್ನು ಇಳಿಯಬಹುದು' ಎಂದು ಗುಂಡಿಗಿಳಿದವರು ಮೇಲೆ ಬರುವುದಿಲ್ಲ. ಎತ್ತಲು ಹೋದ ಎರಡನೆಯವರೂ ಬರುವುದಿಲ್ಲ. ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಸುರಕ್ಷಾ ಸಾಧನಗಳಿಲ್ಲದೆ ಇಳಿಸುವುದು ಅಪರಾಧ. ಹಾಗೆ ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟ್ 2014ರಲ್ಲಿ ನಿಗದಿ ಮಾಡಿದ್ದ 10 ಲಕ್ಷ ರೂಪಾಯಿ ಪರಿಹಾರವನ್ನು 2023ರಲ್ಲಿ 30 ಲಕ್ಷಕ್ಕೆ ಏರಿಸಿತು. ಸಕ್ಕಿಂಗ್ ಮಷಿನ್ ಒಂದು ಸಲ ಬಂದುಹೋಗಲು ಕೆಲವು ಸಾವಿರ ರೂಪಾಯಿ. ಅಷ್ಟನ್ನು ಉಳಿಸಲು ಯಾರ ಮನೆಯ ದೀಪವನ್ನೂ ಆರಿಸಬೇಡಿ.

◆ ಆ ಮಷಿನ್ ತುಂಬಿಕೊಂಡ ಮೇಲೆ ಎಲ್ಲಿಗೆ ಹೋಗುತ್ತದೆ? ಬಹಳ ವರ್ಷ ಯಾರೂ ಕೇಳಲಿಲ್ಲ. ಹಳ್ಳ, ಪಾಳು ಕೆರೆ, ಕತ್ತಲಾದ ಮೇಲೆ ರಸ್ತೆ ಬದಿ. ಬೆಂಗಳೂರಿನ ಸುತ್ತಲ ರೈತರಲ್ಲಿ ಕೆಲವರು ಬಾಳೆ, ತೆಂಗಿನ ತೋಟಕ್ಕೆ ಲೋಡುಗಟ್ಟಲೆ ಹಾಕಿಸಿಕೊಳ್ಳುತ್ತಿದ್ದರು. ಬೆಳೆ ಬರುತ್ತಿತ್ತು, ಆದರೆ ಹಸಿ ಮಲದೊಡನೆ ರೋಗಾಣುಗಳೂ ತೋಟಕ್ಕೆ ಇಳಿಯುತ್ತಿದ್ದವು.

ಆ ಪ್ರಶ್ನೆಗೆ ಇಡೀ ಪಟ್ಟಣದ ಮಟ್ಟದಲ್ಲಿ ಉತ್ತರ ಕಟ್ಟಿದ, ದೇಶದಲ್ಲೇ ಮೊದಲನೆಯದೆಂದು ಹೆಸರಾದ ಊರು ನಮ್ಮ ದೇವನಹಳ್ಳಿ. ಟಿಪ್ಪು ಹುಟ್ಟಿದ ಊರು, ಚಕ್ಕೋತದ ಊರು, ವಿಮಾನ ನಿಲ್ದಾಣದ ಊರು ಎಂದೆಲ್ಲ ಹೇಳುತ್ತೇವೆ. 2015ರಲ್ಲಿ ಪುರಸಭೆ ಮತ್ತು ಬೆಂಗಳೂರಿನ ಸಿಡಿಡಿ ಸಂಸ್ಥೆ ಸೇರಿ ಅಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಶುರು ಮಾಡಿದ್ದನ್ನೂ ಆ ಸಾಲಿಗೆ ಸೇರಿಸಬೇಕು. ದಿನಕ್ಕೆ 6,000 ಲೀಟರ್ ಸಾಮರ್ಥ್ಯ. ನಗರದ ಲೆಕ್ಕದಲ್ಲಿ ಏನೇನೂ ಅಲ್ಲ. ಆದರೆ ಊರೆಲ್ಲ ಅಗೆದು ಪೈಪು ಹಾಕದೆಯೇ ಕೆಲಸ ಸಾಗಿತು, ಏಕೆಂದರೆ ಇಲ್ಲಿ ಲಾರಿಯೇ ಪೈಪು. ಮಷಿನ್ ತಂದು ಸುರಿದ ಗಸಿ ಇಳಿಜಾರಿನಲ್ಲಿ ತೊಟ್ಟಿಯಿಂದ ತೊಟ್ಟಿಗೆ ಹರಿಯುತ್ತ ಕೊಳೆಯುತ್ತದೆ, ಹದಗೊಳ್ಳುತ್ತದೆ. ಗಟ್ಟಿಯಾದದ್ದು ಒಣಗುವ ಮಡಿಗಳಿಗೆ, ನೀರು ಗಿಡ–ಜಲ್ಲಿಯ ಹಾಸಿಗೆಗೆ. ಒಣಗಿದ್ದನ್ನು ಊರ ಹಸಿ ಕಸದೊಡನೆ ಬೆರೆಸಿ ಕಾಂಪೋಸ್ಟ್ ಮಾಡಿದರು. 1939ರ ಕಸ–ಮಲದ ಪದರಗಳೇ ಮತ್ತೆ ಬಂದಂತಾಯಿತು. ಈ ಸಲ ಯಾರ ತಲೆಯ ಮೇಲೂ ಬುಟ್ಟಿ ಇರಲಿಲ್ಲ.

◆ ಲೇಹ್‌ನಲ್ಲಿ, ಸುಮಾರು 3,500 ಮೀಟರ್ ಎತ್ತರದಲ್ಲಿ, 2017ರಿಂದ ಇಂಥದೇ ಘಟಕವಿದೆ: ದಿನಕ್ಕೆ 12,000 ಲೀಟರ್.

◆ ಒಡಿಶಾದ ಕಟಕ್‌ನಲ್ಲಿ ಇಂಥ ಘಟಕವನ್ನು ನೋಡಿಕೊಳ್ಳುವ ಹೊಣೆ ಲಿಂಗತ್ವ ಅಲ್ಪಸಂಖ್ಯಾತರ ಸ್ವಸಹಾಯ ಸಂಘದ್ದು.

◆ ಮಹಾರಾಷ್ಟ್ರದ ವಾಯಿ ಮತ್ತು ಸಿನ್ನರ್ ಎಂಬ ಎರಡು ಸಣ್ಣ ಪಟ್ಟಣಗಳು 2018ರಿಂದ ಮಾಡಿದ್ದು ಯಂತ್ರಕ್ಕಿಂತ ದೊಡ್ಡ ಬದಲಾವಣೆ. ಟ್ಯಾಂಕ್ ಉಕ್ಕಿದಾಗ ಫೋನ್ ಮಾಡುವುದಲ್ಲ. ಸರದಿಯ ಮೇಲೆ ಪ್ರತಿ ಮನೆಗೂ ಮೂರು ವರ್ಷಕ್ಕೊಮ್ಮೆ ಪುರಸಭೆಯ ಪರವಾಗಿ ಮಷಿನ್ ಬರುತ್ತದೆ. ಖರ್ಚು ತೆರಿಗೆಯ ಮೂಲಕ. ಬಾಗಿಲಿಗೆ ಬಂದಾಗ ಕೈಯಿಂದ ದುಡ್ಡು ಕೊಡುವುದಿಲ್ಲವಾದ್ದರಿಂದ ಬಡವರ ಮನೆಯ ಟ್ಯಾಂಕೂ ಖಾಲಿಯಾಗುತ್ತದೆ.

◆ ನಮ್ಮ ದೇಹ ಹೊರಹಾಕುವ ಸಾರಜನಕದಲ್ಲಿ ನೂರಕ್ಕೆ ಸುಮಾರು 80 ಪಾಲು ಇರುವುದು ಮೂತ್ರದಲ್ಲಿ. ನಾವು ಅಂಗಡಿಯಲ್ಲಿ ಕೊಳ್ಳುವ ಯೂರಿಯಾದ ಹೆಸರು ಬಂದದ್ದೂ ಅಲ್ಲಿಂದಲೇ.

◆ ಹಳ್ಳಿಗೆ ಪೈಪೂ ಬೇಡ, ಲಾರಿಯೂ ಬೇಡ ಎನ್ನುವ ಪದ್ಧತಿ ಜೋಡಿ ಗುಂಡಿ. 1970ರಲ್ಲಿ ಸುಲಭ್ ಸಂಸ್ಥೆ ಕಟ್ಟಿದ ಬಿಂದೇಶ್ವರ್ ಪಾಠಕ್ ಅದನ್ನು ದೇಶಕ್ಕೆಲ್ಲ ಹಬ್ಬಿಸಿದರು. ಒಂದು ಗುಂಡಿ ಬಳಕೆಯಲ್ಲಿದ್ದಾಗ ಇನ್ನೊಂದಕ್ಕೆ ವಿಶ್ರಾಂತಿ. ತುಂಬಿದ್ದನ್ನು ಮುಚ್ಚಿ ಒಂದೆರಡು ವರ್ಷ ಬಿಟ್ಟರೆ ಒಳಗಿರುವುದು ಮಣ್ಣಿನ ಬಣ್ಣದ, ವಾಸನೆಯಿಲ್ಲದ ಗೊಬ್ಬರ. ಈ ಗುಂಡಿಯ ತಳಕ್ಕೆ ಸಿಮೆಂಟ್ ಹಾಕಬಾರದು, ಗೋಡೆಯಲ್ಲಿ ಕಿಂಡಿಗಳಿರಬೇಕು.

ಎಷ್ಟೋ ಕಡೆ ಮೇಸ್ತ್ರಿ ಎರಡು ಗುಂಡಿಗಳನ್ನು ಒಂದರ ಹಿಂದೊಂದು ಪೈಪಿನಿಂದ ಜೋಡಿಸಿಬಿಡುತ್ತಾನೆ. ಆಗ ಮೊದಲನೆಯದರ ನೀರು ಎರಡನೆಯದಕ್ಕೆ ದಾಟುತ್ತ, ಯಾವುದಕ್ಕೂ ಒಣಗಲು ಬಿಡುವೇ ಸಿಗುವುದಿಲ್ಲ. ನಿಮ್ಮ ಮನೆಯದು ಹೇಗಿದೆ ನೋಡಿ: ಶೌಚಾಲಯದ ಹಿಂದೆ ಒಂದು ಚಿಕ್ಕ ಚೌಕದ ಪೆಟ್ಟಿಗೆ ಇರುತ್ತದೆ, ಅದರೊಳಗಿಂದ ಎರಡು ಗುಂಡಿಗೆ ಎರಡು ದಾರಿ. ಚಪ್ಪಡಿ ಎತ್ತಿದರೆ ಒಂದು ಬಾಯಿ ತೆರೆದಿರಬೇಕು, ಇನ್ನೊಂದಕ್ಕೆ ಇಟ್ಟಿಗೆಯಿಟ್ಟು ಮಣ್ಣು ಮೆತ್ತಿರಬೇಕು. ಎರಡೂ ತೆರೆದಿದ್ದರೆ ಒಂದನ್ನು ಈ ಭಾನುವಾರವೇ ಮುಚ್ಚಿ, ಮುಚ್ಚಿದ ತಾರೀಖನ್ನು ಗೋಡೆಯ ಮೇಲೆ ಬರೆದಿಡಿ.